ಹಿತ್ತಿಲ ಕೋಳಿಯ ಬೇನೆಯೂ ಭಕ್ತನ ಋಣವೂ

ದಯೆ ದೊಡ್ಡದೆಂಬುದನ್ನು ಒಪ್ಪದವರು ಲೋಕದಲ್ಲಿ ವಿರಳ. ಆದರೆ ಆ ದಯೆ ಯಾರಿಗೆ ಸಲ್ಲಬೇಕು, ಎಷ್ಟು ಸಲ್ಲಬೇಕು, ಯಾವ ಕಾರಣದಿಂದ ಸಲ್ಲಬೇಕು ಎಂಬ ವಿಚಾರ ಬಂದೊಡನೆ ಒಬ್ಬೊಬ್ಬರದು ಒಂದೊಂದು ಮಾತಾಗುತ್ತದೆ. ಹಸುವಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ನಿದ್ರೆಗೆಟ್ಟು ಕೂರುತ್ತಾರೆ. ಎತ್ತು ಕುಂಟಿದರೆ ಒಕ್ಕಲುಮಗನು ಉಣ್ಣುವ ತುತ್ತನ್ನು ಬಿಟ್ಟು ವೈದ್ಯನ ಬಾಗಿಲಿಗೆ ಹೋಗುತ್ತಾನೆ. ಅದೇ ಹಿತ್ತಿಲಲ್ಲಿ ಒಂದು ಕೋಳಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೂಲೆಯಲ್ಲಿ ಮುದುಡಿ ನಿಂತರೆ ಕಂಡವರ ಬಾಯಲ್ಲಿ ಬರುವ ಮಾತು ಬಹುಮಟ್ಟಿಗೆ ಎರಡೇ: ಸಾಯುವ ಮುನ್ನ ಮಾರಿಬಿಡು, ಇಲ್ಲವೆ ಕೊಯ್ದುಬಿಡು. ಇನ್ನು ಕೋಳಿಯನ್ನು ಸಾಕದ, ಮಾಂಸವನ್ನು ಮುಟ್ಟದ ಮನೆಯವರು ಆ ಎರಡನ್ನೂ ಆಡದೆ, ಅದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಮುಖ ತಿರುಗಿಸುತ್ತಾರೆ. ಈ ಮೂರು ನಡೆಗಳಲ್ಲಿ ಯಾವುದು ಧರ್ಮಕ್ಕೆ ಒಪ್ಪುವುದು, ಯಾವುದೂ ಒಪ್ಪದಿದ್ದರೆ ಒಪ್ಪುವ ನಡೆ ಯಾವುದು ಎಂಬುದು ಅಲ್ಪವಾಗಿ ಕಂಡರೂ ಅಲ್ಪವಲ್ಲದ ಪ್ರಶ್ನೆ.

ವಿಚಾರವು ಬರಿಯ ಮಾತಿನಲ್ಲಿ ತೇಲದಿರಲೆಂದು ಒಂದು ಸ್ಥಳವನ್ನೂ ಒಂದು ಪ್ರಸಂಗವನ್ನೂ ಎದುರಿಗಿಟ್ಟುಕೊಳ್ಳುವುದು ಲೇಸು. ಸ್ಥಳ ಹಂಪೆಯ ಬಜಾರು. ವಿರೂಪಾಕ್ಷ ದೇವಾಲಯದ ಮಹಾದ್ವಾರದಿಂದ ಮೂಡಲಿಗೆ ಚಾಚಿ, ಮತಂಗ ಪರ್ವತದ ಬುಡದಲ್ಲಿ ಎದುರು ಬಸವಣ್ಣನೆಂಬ ಏಕಶಿಲೆಯ ನಂದಿಯವರೆಗೆ ಸಾಗುವ ಆ ರಥಬೀದಿಯನ್ನು ಕಾಣದ ಭಕ್ತರು ಈ ಸೀಮೆಯಲ್ಲಿ ಕಡಿಮೆ. ಬೀದಿಯ ಎರಡೂ ಬದಿಯ ಕಲ್ಲು ಮಂಟಪಗಳಲ್ಲಿ ನೆಲೆಸಿದ್ದ ಮನೆ-ಅಂಗಡಿಗಳನ್ನು ೨೦೧೧ರಲ್ಲಿ ತೆರವು ಮಾಡಿದ ಮೇಲೆ ಹಲವು ಕುಟುಂಬಗಳಿಗೆ ಕಡ್ಡಿರಾಂಪುರದ ಬಳಿ ನೆಲೆ ದೊರೆಯಿತು. ಇಂಥ ಊರುಕೇರಿಗಳ ಓಣಿಯೊಂದರಲ್ಲಿ ಹೂ ಕಟ್ಟಿ ಮಾರುವ ಒಬ್ಬ ಹೆಂಗಸು ಇದ್ದಾಳೆಂದು ಭಾವಿಸಬಹುದು. ಅವಳಿಗೆ ಎಂಟು ಕೋಳಿಗಳು. ಮೊಟ್ಟೆ ಮಾರಿದ ಹಣ ಮಗುವಿನ ಪುಸ್ತಕಕ್ಕೆ, ಎಣ್ಣೆ-ಉಪ್ಪಿಗೆ ಒದಗುತ್ತದೆ. ಪಕ್ಕದ ಮನೆ ಒಬ್ಬ ಲಿಂಗವಂತ ಗೃಹಸ್ಥನದು. ನಿತ್ಯ ಲಿಂಗಪೂಜೆ ತಪ್ಪದ, ಜಂಗಮರಿಗೆ ಪ್ರಸಾದ ನೀಡುವ, ಊರಲ್ಲಿ ಮಾನ್ಯನಾದ ಮನುಷ್ಯ. ಒಂದು ಸಂಜೆ ಅವಳ ಕೋಳಿಗಳಲ್ಲಿ ಒಂದು ಕಾಳು ಮುಟ್ಟದೆ ಬೇಲಿಯ ಬುಡದಲ್ಲಿ ನಿಲ್ಲುತ್ತದೆ. ಮರುದಿನ ಸಂತೆ. ಕೋಳಿ ಕೊಳ್ಳುವವನು ಬೆಳಗ್ಗೆ ಬಂದೇ ಬರುತ್ತಾನೆ. ಆ ಒಂದು ರಾತ್ರಿಯಲ್ಲಿ ಆ ಹೆಂಗಸು ಏನು ಮಾಡಬೇಕು, ಪಕ್ಕದ ಭಕ್ತನು ಏನು ಮಾಡಬೇಕು?

ಮೊದಲನೆಯ ಉತ್ತರ ಬೆಲೆಯ ಉತ್ತರ. ಆರೈಕೆಗೆ ತಗಲುವ ವೆಚ್ಚವು ಪದಾರ್ಥದ ಬೆಲೆಗಿಂತ ಹೆಚ್ಚಾದರೆ ಆರೈಕೆ ವ್ಯರ್ಥವೆಂಬುದು ವ್ಯಾಪಾರದ ನೀತಿ. ಹಂಪೆಯ ನೆಲಕ್ಕೆ ಈ ಲೆಕ್ಕ ಹೊಸದಲ್ಲ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇಲ್ಲಿಯ ಪೇಟೆಗಳಲ್ಲಿ ರತ್ನಗಳನ್ನು ಕಂಡಂತೆಯೇ ಮಾರಾಟದ ಹಕ್ಕಿಗಳನ್ನೂ ಕಂಡು, ಅವು ಎಷ್ಟು ಅಗ್ಗವೆಂಬುದನ್ನು ಬರೆದಿಟ್ಟಿದ್ದಾನೆ. ಪಟ್ಟಣದ ಒಳಗಿಗಿಂತ ಹೊರಗೆ ಕೋಳಿ ಇನ್ನೂ ಅಗ್ಗವೆಂದೂ ಹೇಳಿದ್ದಾನೆ. ಐದು ಶತಮಾನ ಕಳೆದರೂ ಕೋಳಿ ಅಗ್ಗದ ಜೀವವಾಗಿಯೇ ಉಳಿದಿದೆ. ಆದರೆ ಬೆಲೆಯೆಂಬುದು ಕೊಳ್ಳುವವನ ಅಳತೆಯೇ ಹೊರತು ನೋಯುವ ಜೀವದ ಅಳತೆಯಲ್ಲ. ನೂರು ರೂಪಾಯಿಯ ಕೋಳಿಗೆ ನೂರು ರೂಪಾಯಿಯಷ್ಟು ನೋವು, ಸಾವಿರಾರು ರೂಪಾಯಿಯ ಹಸುವಿಗೆ ಸಾವಿರಾರು ರೂಪಾಯಿಯಷ್ಟು ನೋವು ಎಂದು ಸೃಷ್ಟಿಯಲ್ಲಿ ಎಲ್ಲಿಯೂ ನಿಯಮವಿಲ್ಲ. ಉಸಿರಾಡಲಾರದೆ ಕೊಕ್ಕು ತೆರೆದು ನಿಂತ ಕೋಳಿಗೆ ತನ್ನ ಬೆಲೆ ಗೊತ್ತಿಲ್ಲ; ತನ್ನ ಉಸಿರು ಮಾತ್ರ ಗೊತ್ತು.

ಎರಡನೆಯ ಉತ್ತರ ಉಪಯೋಗದ ಉತ್ತರ. ಹೇಗಿದ್ದರೂ ಒಂದು ದಿನ ಕೊಲ್ಲುವುದಕ್ಕೇ ಸಾಕಿದ ಜೀವಕ್ಕೆ ಆರೈಕೆಯೇಕೆ ಎಂಬ ಆಕ್ಷೇಪವು ಮೇಲುನೋಟಕ್ಕೆ ಬಲವಾಗಿ ಕಾಣುತ್ತದೆ. ಆದರೆ ಅದನ್ನು ಬಿಡಿಸಿ ನೋಡಿದರೆ, ನಾಳೆ ಮಾಡಲಿರುವ ಒಂದು ಹಿಂಸೆಯು ಇಂದಿನ ಇನ್ನೊಂದು ಹಿಂಸೆಗೆ ಅಪ್ಪಣೆಚೀಟಿಯೆಂದು ವಾದಿಸಿದಂತಾಗುತ್ತದೆ. ಮಾಂಸಾಹಾರ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆ ಚರ್ಚೆ ಹೇಗೆ ಮುಗಿದರೂ, ಜೀವವಿರುವಷ್ಟು ದಿನ ಅದು ಸಾಕಿದವರ ಕೈಯಲ್ಲಿದೆ ಎಂಬ ಸಂಗತಿ ಬದಲಾಗುವುದಿಲ್ಲ. ಹಬ್ಬದ ಬಲಿಗಾಗಿ ತಂದ ಕುರಿಯು ತನ್ನ ಸಾವನ್ನರಿಯದೆ ತೋರಣದ ತಳಿರನ್ನೇ ಮೆಲ್ಲುತ್ತಿರುವ ನೋಟವನ್ನು ಬಸವಣ್ಣನವರು ವಚನವೊಂದರಲ್ಲಿ ತಂದಿರುವುದನ್ನು ಓದುಗರು ಬಲ್ಲರು. ಕೊಲೆಗೆ ಗುರಿಯಾದ ಜೀವದ ಆ ಒಂದು ಕ್ಷಣದ ಹಸಿವೂ ಶರಣರ ಕಣ್ಣಿಗೆ ಬಿದ್ದಿತೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಮೂರನೆಯದು ಶುಚಿತ್ವದ ಉತ್ತರ. ಪಕ್ಕದ ಭಕ್ತನ ಉತ್ತರ. ಕೋಳಿಯನ್ನು ತಾನು ಸಾಕುವುದಿಲ್ಲ, ತಿನ್ನುವುದಿಲ್ಲ, ಆದ್ದರಿಂದ ಅದರ ನೋವಿನಲ್ಲಿ ತನಗೆ ಪಾಲಿಲ್ಲವೆಂಬುದು ಅವನ ಭಾವನೆ. ಇದು ಮೂರರಲ್ಲಿ ಅತ್ಯಂತ ಸೂಕ್ಷ್ಮವಾದುದು. ಏಕೆಂದರೆ ಇದು ಸದಾಚಾರದ ವೇಷದಲ್ಲಿ ಬರುತ್ತದೆ. ಮಾಂಸವನ್ನು ಬಿಟ್ಟದ್ದು ಜೀವಗಳಲ್ಲಿ ದಯೆಯುಂಟೆಂಬ ಕಾರಣಕ್ಕಾದರೆ, ಜೀವವು ಬೇಲಿಯಾಚೆ ನರಳುವಾಗ ಆ ದಯೆ ಎಲ್ಲಿಗೆ ಹೋಯಿತು? ಮಾಂಸವನ್ನು ಬಿಟ್ಟದ್ದು ಬರಿಯ ಮೈಲಿಗೆಯ ಅಂಜಿಕೆಯಿಂದಾದರೆ ಅದು ನಾಲಿಗೆಯ ನಿಯಮವಾಯಿತೇ ಹೊರತು ಹೃದಯದ ಗುಣವಾಗಲಿಲ್ಲ. ದಯೆಯನ್ನು ಬೇರಾಗಿ ಪಡೆಯದ ಧರ್ಮವನ್ನು ಬಸವಣ್ಣನವರು ಧರ್ಮವೆಂದು ಎಣಿಸಲೇ ಇಲ್ಲ. ಮನುಷ್ಯರಲ್ಲಿ ಕುಲದ ಮೇಲು-ಕೀಳುಗಳನ್ನು ಅಲ್ಲಗಳೆದ ಪಂಥದವನು ಪ್ರಾಣಿಗಳಲ್ಲಿ ಹಸುವನ್ನು ಮೇಲುಕುಲದಲ್ಲಿಯೂ ಕೋಳಿಯನ್ನು ಕೀಳುಕುಲದಲ್ಲಿಯೂ ಕೂರಿಸಿ, ದಯೆಯನ್ನು ಕುಲ ನೋಡಿ ಹಂಚಿದರೆ, ಮುಂಬಾಗಿಲಿನಿಂದ ಹೊರದೂಡಿದುದನ್ನು ಹಿತ್ತಿಲಿನಿಂದ ಒಳಗೆ ಕರೆದಂತೆ ಆಗುತ್ತದೆ.

ಹಾಗಾದರೆ ಋಣದ ಮೂಲ ಯಾವುದು? ಪ್ರೀತಿಯೆನ್ನೋಣವೆಂದರೆ, ಕೋಳಿಯನ್ನು ಹಸುವಿನಂತೆ ಪ್ರೀತಿಸುವವರು ಕಡಿಮೆ. ಪ್ರೀತಿಯಿಲ್ಲದೆಡೆ ಕರ್ತವ್ಯವೂ ಇಲ್ಲವೆಂದಾಗುತ್ತದೆ. ಪುಣ್ಯಾಪೇಕ್ಷೆಯೆನ್ನೋಣವೆಂದರೆ ಅದು ಇನ್ನೊಂದು ಬಗೆಯ ಬೆಲೆಯ ಲೆಕ್ಕವೇ. ವಿಚಾರಿಸಿದರೆ ಋಣವು ಹುಟ್ಟುವುದು ಅವಲಂಬನದಿಂದ. ಮನೆಗಳ ಕೋಳಿ ಹುಟ್ಟಿನಿಂದ ಕಾಡಿನ ಹಕ್ಕಿ. ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯ ಸಂತತಿಯೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಕಾಡಿನಲ್ಲಿದ್ದಾಗ ಅದಕ್ಕೆ ಮೇವನ್ನರಸುವ ನೆಲವಿತ್ತು, ಅಡಗುವ ಪೊದೆಯಿತ್ತು, ರಾತ್ರಿ ಏರುವ ಕೊಂಬೆಯಿತ್ತು. ಮನುಷ್ಯನು ಅವನ್ನೆಲ್ಲ ತೆಗೆದುಕೊಂಡು ಒಂದು ಬುಟ್ಟಿ, ಒಂದು ಹಿಡಿ ಕಾಳು ಕೊಟ್ಟ. ಸಾವಿರಾರು ವರ್ಷಗಳ ಈ ವ್ಯವಹಾರದಲ್ಲಿ ಕೋಳಿ ಮೊಟ್ಟೆ ಕೊಟ್ಟಿತು, ಮರಿ ಕೊಟ್ಟಿತು, ಕೂಗಿ ಬೆಳಗನ್ನು ಸಾರಿತು, ಕೊನೆಗೆ ದೇಹವನ್ನೂ ಕೊಟ್ಟಿತು. ಬೇರೆ ಆಸರೆಗಳನ್ನೆಲ್ಲ ಕಳೆದು ತನ್ನನ್ನೇ ಆಸರೆಯಾಗಿ ಉಳಿಸಿದವನು, ಆ ಜೀವಕ್ಕೆ ಬೇನೆ ಬಂದ ದಿನ ತಾನು ಆಸರೆಯಲ್ಲವೆಂದರೆ ಅದು ದಯೆಯ ಕೊರತೆ ಮಾತ್ರವಲ್ಲ, ಮಾತಿಗೆ ತಪ್ಪಿದ ನಡೆ. ದಯೆಯನ್ನು ದಾನವೆಂದು ತಿಳಿದವನು ಕೊಡಬಹುದು, ಬಿಡಬಹುದು. ಋಣವೆಂದು ತಿಳಿದವನಿಗೆ ಬಿಡುವ ಹಾದಿಯಿಲ್ಲ.

ಕೋಳಿಯನ್ನು ಕೀಳೆಂದು ಬಗೆಯುವವರು ಬಸವಣ್ಣನವರ ಇನ್ನೊಂದು ವಚನವನ್ನು ನೆನೆಯಬೇಕು. ಕಾಗೆಯನ್ನೂ ಕೋಳಿಯನ್ನೂ ಅವರು ಭಕ್ತನ ಎದುರಿಗೆ ಗುರುಗಳಂತೆ ನಿಲ್ಲಿಸಿದ್ದಾರೆ. ಅಲ್ಪ ಆಹಾರ ಕಂಡರೂ ತನ್ನವರನ್ನು ಕರೆಯುವ ಆ ಹಕ್ಕಿಗಳ ಗುಣ ತನ್ನಲ್ಲಿಲ್ಲದ ಭಕ್ತನು ಅವುಗಳಿಗಿಂತಲೂ ಕೆಳಗಿನವನೆಂಬುದು ಅಲ್ಲಿಯ ಎಚ್ಚರಿಕೆ. ಇದು ಕವಿಕಲ್ಪನೆಯಲ್ಲ. ತಾಯಿಕೋಳಿ ಕಾಳನ್ನು ಕಂಡಾಗ ತಾನು ನುಂಗದೆ, ನೆಲಕ್ಕೆ ಹಾಕಿ, ವಿಶೇಷವಾದ ಸದ್ದು ಮಾಡಿ ಮರಿಗಳನ್ನು ಕರೆಯುವುದನ್ನು ಹಿತ್ತಿಲಿರುವ ಯಾರಾದರೂ ನೋಡಬಹುದು. ಆದರೆ ಅದೇ ಕೋಳಿಗಳ ಹಿಂಡು ಇನ್ನೊಂದನ್ನೂ ಮಾಡುತ್ತದೆ. ತಮ್ಮಲ್ಲಿ ಒಂದು ಬೇನೆಯಿಂದ ಬಲಗುಂದಿದರೆ ಉಳಿದವು ಅದನ್ನು ಕುಕ್ಕಿ ಮೇವಿನಿಂದ ದೂರ ಅಟ್ಟುತ್ತವೆ. ಆದ್ದರಿಂದಲೇ ಕೋಳಿ ತನ್ನ ಬೇನೆಯನ್ನು ಆದಷ್ಟು ಅಡಗಿಸಿಡುತ್ತದೆ. ಅದು ಮುದುಡಿ ನಿಂತುದು ಕಣ್ಣಿಗೆ ಬೀಳುವ ಹೊತ್ತಿಗೆ ಬೇನೆ ಬಹಳ ಮುಂದುವರಿದಿರುತ್ತದೆ. ಹಂಚಿ ಉಣ್ಣುವುದನ್ನು ಕೋಳಿಯಿಂದ ಕಲಿಯಬಹುದು. ಬಲಗುಂದಿದವರನ್ನು ಅಟ್ಟದಿರುವುದನ್ನು ಮಾತ್ರ ಮನುಷ್ಯನು ತಾನೇ ಕಲಿತು ನಡೆಸಬೇಕು. ಮನುಷ್ಯಜನ್ಮದ ಹೆಚ್ಚಳವೇನಾದರೂ ಇದ್ದರೆ ಇಲ್ಲಿಯೇ ಇದೆ.

ಇಲ್ಲಿಂದ ಮುಂದೆ ವಿಚಾರವು ಭಾವದಿಂದ ಅರಿವಿಗೆ ಸಾಗಬೇಕು. ಅಯ್ಯೋ ಪಾಪವೆಂದು ನಿಟ್ಟುಸಿರು ಬಿಡುವುದು ದಯೆಯ ಆರಂಭವೇ ಹೊರತು ದಯೆಯಲ್ಲ. ಶರಣರು ಆಚಾರವನ್ನು ಅರಿವಿನಿಂದ ಅಗಲಿಸಲಿಲ್ಲ. ತುರುಗಾಹಿ ರಾಮಣ್ಣನು ದನ ಕಾಯುವ ಕಾಯಕದ ಶರಣ. ದನದ ನಡಿಗೆ, ಮೇವು, ಬೇನೆ, ಬಾಯಾರಿಕೆಗಳನ್ನು ಅರಿಯದವನ ಕೈಗೆ ತುರುಮಂದೆಯನ್ನು ಯಾರೂ ಒಪ್ಪಿಸುವುದಿಲ್ಲ. ಸತ್ಯಶುದ್ಧ ಕಾಯಕವೆಂಬಲ್ಲಿ ಕೆಲಸದ ತಿಳಿವಳಿಕೆಯೂ ಅಡಗಿದೆ. ಹಾಗೆಯೇ ಕೋಳಿಯ ಆರೈಕೆಗೂ ಒಂದು ತಿಳಿವಳಿಕೆ ಬೇಕು.

ಆ ತಿಳಿವಳಿಕೆಯ ಮೊದಲ ಪಾಠ ಬೇರ್ಪಡಿಸುವುದು. ಬೇನೆಯ ಕೋಳಿಯನ್ನು ಮಂದೆಯಿಂದ ತೆಗೆದು, ಗಾಳಿಯ ಹೊಡೆತವಿಲ್ಲದ, ಒಣಗಿದ, ಬೆಚ್ಚಗಿನ ಸ್ಥಳದಲ್ಲಿ ಬುಟ್ಟಿಯ ಕೆಳಗೆ ಇರಿಸಿ, ಪ್ರತ್ಯೇಕ ಪಾತ್ರೆಯಲ್ಲಿ ಶುದ್ಧ ನೀರು ಕೊಡಬೇಕು. ಇದರಿಂದ ಅದಕ್ಕೆ ಉಳಿದವುಗಳ ಕುಕ್ಕಾಟ ತಪ್ಪುತ್ತದೆ, ಉಳಿದವುಗಳಿಗೆ ಅದರ ಬೇನೆ ತಪ್ಪುತ್ತದೆ. ಮೊದಲು ಆರೋಗ್ಯದ ಕೋಳಿಗಳಿಗೆ ಮೇವಿಟ್ಟು, ಕೊನೆಗೆ ಬೇನೆಯದರ ಬಳಿ ಹೋಗಿ, ಬಂದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಆ ಬಳಿಕ ನೋಟ. ಗರಿಯ ಬುಡದಲ್ಲಿ ಹೇನಿದೆಯೇ, ಕಾಲಿನಲ್ಲಿ ಗಾಯವಿದೆಯೇ, ಕೊರಳ ಕೆಳಗಿನ ಮೇವಿನ ಚೀಲ ಕಲ್ಲಿನಂತೆ ಗಟ್ಟಿಯಾಗಿದೆಯೇ, ಮೊಟ್ಟೆ ಒಳಗೆ ಸಿಕ್ಕಿಕೊಂಡು ತಿಣುಕುತ್ತಿದೆಯೇ ಎಂದು ನೋಡಬೇಕು. ಇಂಥವು ಒಂದೇ ಜೀವದ ಬೇನೆಗಳು. ಪಶುವೈದ್ಯರ ನೆರವಿನಿಂದ ಹಲವು ಗುಣವಾಗುತ್ತವೆ. ಕೊಕ್ಕು ತೆರೆದು ಏದುಸಿರು, ಹಸಿರು ಭೇದಿ, ಕಾಲು-ರೆಕ್ಕೆಗಳ ಸೋಲುವಿಕೆ, ಕುತ್ತಿಗೆಯ ತಿರುಚುವಿಕೆ ಕಂಡರೆ ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗದ ಅನುಮಾನ ಬರಬೇಕು. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ೧೯೨೦ರ ದಶಕದ ಕೊನೆಗೆ ಗುರುತಿಸಲ್ಪಟ್ಟುದರಿಂದ ಆ ಹೆಸರು. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬರದಂತೆ ತಡೆಯುವ ಲಸಿಕೆ ಮಾತ್ರ ಉಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರಗಳಾದಾಗ ಚರ್ಮದಡಿಯಲ್ಲಿ ಒಂದು ಚುಚ್ಚುಮದ್ದು ಎಂಬುದು ಸಾಮಾನ್ಯವಾದ ಕ್ರಮ.

ತಡೆಯುವ ದಯೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ದನಗಳನ್ನು ಊರಿಗೆ ಊರೇ ಬರಿದುಮಾಡುತ್ತಿದ್ದ ದೊಡ್ಡರೋಗದ ವಿರುದ್ಧ ಮದ್ದು ತಯಾರಿಸಲೆಂದು ಮೈಸೂರು ಸಂಸ್ಥಾನವು ೧೯೨೫ರಲ್ಲಿ ಸ್ಥಾಪಿಸಿದ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆದು, ಮುಂದೆ ಕೋಳಿಗಳ ಲಸಿಕೆಯನ್ನೂ ತಯಾರಿಸಿತು. ದೊಡ್ಡರೋಗವಾದರೋ ೨೦೧೧ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಲಸಿಕೆ ಹಾಕುತ್ತ ಊರೂರು ತಿರುಗಿದ ಸಾವಿರಾರು ಮಂದಿಯ ಹೆಸರು ಯಾರಿಗೂ ನೆನಪಿಲ್ಲ. ಅವರು ಉಳಿಸಿದ ಜೀವಗಳಿಗೆ ಎಣಿಕೆಯೂ ಇಲ್ಲ. ಕಣ್ಣೀರಿಟ್ಟ ದಯೆಗಿಂತ ಈ ಅರಿವುಳ್ಳ ದಯೆಯೇ ಹೆಚ್ಚು ಜೀವಗಳನ್ನು ಕಾಯಿತು.

ಈಗ ಆ ರಾತ್ರಿಯ ಹೆಂಗಸಿನ ಕಷ್ಟಕ್ಕೆ ಬರಬಹುದು. ಬೆಳಗಾದರೆ ಕೊಳ್ಳುವವನು ಬರುತ್ತಾನೆ. ಬೇನೆಯ ಮಾತೆತ್ತದೆ ಕೊಟ್ಟರೆ ಪೂರ್ತಿಯಲ್ಲದಿದ್ದರೂ ಅರ್ಧ ಬೆಲೆ ಕೈಗೆ ಬರುತ್ತದೆ. ಇಟ್ಟುಕೊಂಡರೆ ಅದೂ ಇಲ್ಲ. ಅವಳ ಬಡತನವನ್ನು ಕಾಣದೆ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಆದರೂ ಸತ್ಯ ಸತ್ಯವೇ. ಬೇನೆಯ ಕೋಳಿಯನ್ನು ಮುಚ್ಚಿ ಮಾರಿದರೆ ಮೂರು ಅನ್ಯಾಯಗಳು ಒಟ್ಟಿಗೆ ಸಂಭವಿಸುತ್ತವೆ: ನರಳುವ ಜೀವವು ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ಸಂತೆಗೆ ಹೋಗುತ್ತದೆ, ಕೊಂಡವನಿಗೆ ಸುಳ್ಳು ಸಲ್ಲುತ್ತದೆ, ಸಂತೆಯಿಂದ ರೋಗವು ಹತ್ತು ಊರುಗಳ ಹಿತ್ತಿಲುಗಳಿಗೆ ಹಂಚಿಹೋಗುತ್ತದೆ. ಆ ಹಿತ್ತಿಲುಗಳೂ ಅವಳಂಥ ಬಡವರವೇ. ಸತ್ತ ಕೋಳಿಯನ್ನು ತುಂಗಭದ್ರೆಯ ಕಾಲುವೆಗೋ ತಿಪ್ಪೆಗೋ ಎಸೆಯುವುದೂ ಇದೇ ಬಗೆಯ ಅನ್ಯಾಯ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವುದು ಅವಶ್ಯ. ನುಡಿ ಒಂದಾಗಿ ನಡೆ ಇನ್ನೊಂದಾಗುವುದನ್ನು ಶರಣರು ಎಷ್ಟು ಕಠಿಣವಾಗಿ ಖಂಡಿಸಿದರೆಂಬುದನ್ನು ಈ ಪುಟಗಳ ಓದುಗರಿಗೆ ಹೇಳಬೇಕಾಗಿಲ್ಲ. ಬೇನೆಯನ್ನು ಮುಚ್ಚಿಡದೆ ಹೇಳುವುದು ದಯೆಯ ಎರಡನೆಯ ಅಂಗ.

ಪ್ರಾಣಿಗಳ ಅಂಟುರೋಗಗಳ ಕುರಿತು ೨೦೦೯ರಲ್ಲಿ ಬಂದ ಕೇಂದ್ರದ ಕಾನೂನು ಸಹ ಇದನ್ನೇ ವಿಧಿಸುತ್ತದೆ. ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಸಾಕಿದವರು ತಿಳಿಸಲೇಬೇಕು. ಕರ್ನಾಟಕದಲ್ಲಿ ಪಶುಪಾಲನಾ ಇಲಾಖೆಯ ಸಹಾಯವಾಣಿಯ ಸಂಖ್ಯೆ ೧೯೬೨. ಆದರೆ ತಿಳಿಸಿದ ಮೇಲೆ ಏನಾಗಬಹುದೆಂಬ ಭಯವೇ ಬಾಯಿ ಕಟ್ಟುತ್ತದೆ, ಮತ್ತು ಆ ಭಯ ಸುಳ್ಳಲ್ಲ. ೨೦೨೫ರ ಮೊದಲ ತಿಂಗಳುಗಳಲ್ಲಿ ಈ ಸೀಮೆಯೇ ಅದನ್ನು ಕಂಡಿತು. ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿನ ಸಮೀಪದ ಕುರೆಕುಪ್ಪದ ಸರ್ಕಾರಿ ಕೋಳಿ ಸಾಕಾಣಿಕಾ ಕೇಂದ್ರದಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅಲ್ಲಿ ಕೋಳಿಗಳು ರಾಶಿಯಾಗಿ ಸತ್ತವು. ಉಳಿದವನ್ನು ನಿಯಮದಂತೆ ಕೊಲ್ಲಲಾಯಿತು. ಅದೇ ವೇಳೆಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಯ ಹಿತ್ತಿಲ ನಾಟಿಕೋಳಿಗಳಲ್ಲಿಯೇ ರೋಗ ಕಾಣಿಸಿಕೊಂಡು, ಊರಿನ ಕೋಳಿಗಳೆಲ್ಲ ಹೋದವು. ಹಕ್ಕಿಜ್ವರ ಮನುಷ್ಯರಿಗೂ ತಗಲಬಲ್ಲ ರೋಗವಾದುದರಿಂದ, ರೋಗ ಕಂಡ ಸ್ಥಳದ ಸುತ್ತ ಹೀಗೆ ಮಾಡುವುದು ವಿಧಿಯಾಗಿದೆ. ಕೊಂದ ಕೋಳಿಗಳಿಗೆ ಸರ್ಕಾರದ ಪರಿಹಾರವುಂಟು.

ಇಲ್ಲಿ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಬೇನೆಯಿಲ್ಲದ ಕೋಳಿಯನ್ನೂ, ನೆರೆಮನೆಯದಕ್ಕೆ ಬೇನೆ ಬಂದಿತೆಂಬ ಕಾರಣಕ್ಕೆ ಕೊಲ್ಲುವುದು ದಯೆಯಾದೀತೆ? ಹೌದೆಂದು ಸುಲಭವಾಗಿ ಹೇಳುವವನು ಕೊಲೆಯನ್ನು ಹಗುರ ಮಾಡುತ್ತಾನೆ. ಅಲ್ಲವೆಂದು ಸುಲಭವಾಗಿ ಹೇಳುವವನು ನಾಳೆ ಸಾಯಲಿರುವ ಸಾವಿರ ಹಕ್ಕಿಗಳನ್ನೂ, ರೋಗ ತಗಲಬಹುದಾದ ಮಕ್ಕಳನ್ನೂ ಕಣ್ಣಿನಿಂದ ಮರೆಮಾಡಿಕೊಳ್ಳುತ್ತಾನೆ. ವಿವೇಕಿಯು ಇವೆರಡನ್ನೂ ಬಿಟ್ಟು ಮೂರು ಮಾತುಗಳನ್ನು ಒಪ್ಪಬೇಕಾಗುತ್ತದೆ. ಅನಿವಾರ್ಯವಾದ ಹಿಂಸೆಯೂ ಹಿಂಸೆಯೇ. ಅದನ್ನು ಪುಣ್ಯವೆಂದು ಹೆಸರಿಸಬಾರದು. ಅನಿವಾರ್ಯವಾದರೆ ಅದು ಆದಷ್ಟು ಕಡಿಮೆ ನೋವಿನಿಂದ, ತಿಳಿದವರ ಕೈಯಿಂದ, ಚೀಲದಲ್ಲಿ ತುರುಕಿ ಉಸಿರುಗಟ್ಟಿಸದೆ ಆಗಬೇಕು. ಕೊನೆಯದಾಗಿ, ಆ ಅನಿವಾರ್ಯತೆ ಹುಟ್ಟಿದ್ದು ಬಹುಪಾಲು ಮೊದಲು ತೋರದ ಎಚ್ಚರದಿಂದ: ಕಾಡುಹಕ್ಕಿ ಸೇರುವ ಕೆರೆಯ ಬಳಿ ಬಿಟ್ಟ ಕೋಳಿ, ಸಂತೆಯಿಂದ ತಂದು ಎರಡು-ಮೂರು ವಾರ ಬೇರೆ ಇಡದೆ ಮಂದೆಗೆ ಸೇರಿಸಿದ ಹೊಸ ಕೋಳಿ, ಮುಚ್ಚಿಟ್ಟ ಮೊದಲ ಸಾವು. ಬೇಗ ತಿಳಿಸಿದ ಕಡೆ ಕೊಲ್ಲಬೇಕಾದ ಸಂಖ್ಯೆ ಕಿರಿದಾಗುತ್ತದೆ, ಮುಚ್ಚಿಟ್ಟ ಕಡೆ ಹಿರಿದಾಗುತ್ತದೆ. ಮೊದಲ ಕೋಳಿಯ ಮುದುಡುವಿಕೆಯನ್ನು ಲಕ್ಷಿಸದವರೇ ಕೊನೆಗೆ ನೂರು ಕೋಳಿಗಳ ಸಾವನ್ನು ನೋಡಬೇಕಾಗುತ್ತದೆ. ಹೀಗೆ ನೋಡಿದರೆ ಒಂದು ಅಗ್ಗದ ಜೀವದ ಮೇಲೆ ಇಟ್ಟ ಗಮನವು ಒಂದೇ ಜೀವಕ್ಕೆ ಸಲ್ಲುವುದಲ್ಲ.

ಇನ್ನು ಪಕ್ಕದ ಭಕ್ತನ ಪಾಲು. ಅವನು ಕೋಳಿಯನ್ನು ಕೈಯಲ್ಲಿ ಹಿಡಿಯಬೇಕಾಗಿಲ್ಲ, ಆಹಾರದ ನಿಯಮವನ್ನು ಸಡಿಲಿಸಬೇಕಾಗಿಲ್ಲ. ಆದರೆ ಅವನಿಂದಲೇ ಆಗಬಹುದಾದ ಕೆಲಸಗಳಿವೆ. ರಾಣಿಖೇತ್ ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಆಗುವಷ್ಟು ಮದ್ದಿರುವುದುಂಟು. ಅದನ್ನು ತಂಪಿನಲ್ಲಿಯೇ ಇಡಬೇಕು. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಬೇಕು. ಎಂಟು ಕೋಳಿಗಳ ಬಡವಳಿಗೆ ಒಂದು ಸೀಸೆ ಭಾರ. ಓಣಿಯ ಇಪ್ಪತ್ತು ಮನೆಗಳು ಒಂದೇ ದಿನ ಕೂಡಿದರೆ ಭಾರವಲ್ಲ. ಆ ಇಪ್ಪತ್ತು ಮನೆಗಳನ್ನು ಕೂಡಿಸಲು ಎಲ್ಲರೂ ಮನ್ನಿಸುವ ಒಬ್ಬನ ಮಾತು ಬೇಕು. ಪಶು ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಲು ಒಬ್ಬ ತಿಳಿದವನು ಬೇಕು. ಸೀಸೆಯನ್ನು ಒಂದು ರಾತ್ರಿ ಇಡಲು ಒಂದು ಫ್ರಿಜ್ಜು ಬೇಕು. ಮೂರೂ ಆ ಭಕ್ತನ ಮನೆಯಲ್ಲಿವೆ.

ಇಲ್ಲಿಯೇ ಅವನ ನಿಜವಾದ ಪರೀಕ್ಷೆ. ಮಾತಾಡುವುದಕ್ಕೆ ಅವನು ಒಪ್ಪಬಹುದು, ಫೋನಿಗೂ ಒಪ್ಪಬಹುದು. ಕೋಳಿಯ ಮದ್ದು ತನ್ನ ಮನೆಯ ಹಾಲು-ಮೊಸರಿನ ಪಕ್ಕದಲ್ಲಿ, ಲಿಂಗಕ್ಕೆ ಅರ್ಪಿಸುವ ಹಣ್ಣಿನ ಪಕ್ಕದಲ್ಲಿ ಒಂದು ರಾತ್ರಿ ಇರುವುದೇ ಎಂಬಲ್ಲಿ ಮನಸ್ಸು ಹಿಂಜರಿಯುತ್ತದೆ. ಹಿಂಜರಿಕೆ ಸಹಜ, ತಲೆಮಾರುಗಳ ರೂಢಿಯನ್ನು ನಗೆಗೀಡು ಮಾಡಬೇಕಾಗಿಲ್ಲ. ಬಿಗಿಯಾದ ಒಂದು ಪೆಟ್ಟಿಗೆಯಲ್ಲಿಟ್ಟು ಬೇರೆ ಅರೆಯಲ್ಲಿ ಇರಿಸಿದರೆ ಎಲ್ಲರಿಗೂ ಕ್ಷೇಮ. ಆದರೆ ಆ ಅರೆಯನ್ನು ನಿರಾಕರಿಸುವ ಮುನ್ನ ಅವನು ತನ್ನನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ದಾಸೋಹವೆಂದರೆ ತನಗೆ ಪ್ರಿಯವಾದವರಿಗೆ, ತನ್ನ ಪಂಕ್ತಿಯವರಿಗೆ, ತಾನು ಮೆಚ್ಚುವ ರೀತಿಯಲ್ಲಿ ನೀಡುವುದು ಮಾತ್ರವೇ? ಅಥವಾ ತನ್ನಲ್ಲಿರುವುದು ಯಾರಿಗೆ ಬೇಕಾಗಿದೆಯೋ ಅವರಿಗೆ, ಬೇಕಾದ ರೂಪದಲ್ಲಿ ಸಲ್ಲಿಸುವುದೇ? ಇಡಿಯ ಓಣಿಯ ಹಕ್ಕಿಗಳ ಉಸಿರು ಒಂದು ಅರೆಯ ತಂಪಿನಲ್ಲಿ ಅಡಗಿರುವಾಗ, ಆ ತಂಪನ್ನು ನೀಡುವುದೂ ದಾಸೋಹವೇ. ಅದರಿಂದ ಲಿಂಗಕ್ಕೆ ಮೈಲಿಗೆಯಾಗುವುದೆಂದು ಹೇಳುವವನು, ಲಿಂಗವು ಜೀವಗಳಿಂದ ದೂರದಲ್ಲಿದೆಯೆಂದು ಹೇಳಿದಂತೆ ಆಗುತ್ತದೆ.

ಜೊತೆಗೆ ಒಂದು ಎಚ್ಚರವೂ ಅವನಿಗೆ ಬೇಕು. ನೆರವಾಗುವ ನೆಪದಲ್ಲಿ ಆ ಹೆಂಗಸಿನ ಊಟವನ್ನು ಹೀಗಳೆಯುವುದು, ತಿನ್ನುವವಳಿಗೆ ಈ ಕರುಣೆಯೆಲ್ಲಿಯದು ಎಂದು ಚುಚ್ಚುವುದು ಸಲ್ಲದು. ರಾತ್ರಿಯೆಲ್ಲ ಬುಟ್ಟಿಯ ಬಳಿ ಕುಳಿತು ಹನಿಹನಿಯಾಗಿ ನೀರು ಕುಡಿಸುವ ಅವಳ ಕೈ, ಆ ಹೊತ್ತಿಗೆ, ಪೂಜೆ ಮುಗಿಸಿ ಮಲಗಿದ ಕೈಗಿಂತ ಧರ್ಮಕ್ಕೆ ಹತ್ತಿರವಾಗಿದೆ. ಹರಿಹರನು ಇದೇ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿ, ಶಿವಶರಣರ ರಗಳೆಗಳನ್ನು ರಚಿಸಿದ. ಲೋಕವು ಕೀಳೆಂದು ಕರೆದ ಕುಲಗಳ ಭಕ್ತರನ್ನೂ ಆತ ಕಥಾನಾಯಕರನ್ನಾಗಿ ಮಾಡಿದ. ದೇವಾಲಯದ ನೆರಳಿನಲ್ಲಿದ್ದೂ ಆತನ ಕಣ್ಣು ಓಣಿಯ ಕಡೆಗಿತ್ತು.

ಆರೈಕೆಯಿಂದ ಕೋಳಿ ಉಳಿದೇ ಉಳಿಯುವುದೆಂದು ಯಾರೂ ಮಾತು ಕೊಡಲಾರರು. ಬೇನೆ ಮುಂದುವರಿದಿದ್ದರೆ ಬೆಳಗಾಗುವಷ್ಟರಲ್ಲಿ ಅದು ಸಾಯಬಹುದು. ಆಗ ಆರೈಕೆ ವ್ಯರ್ಥವಾಯಿತೆಂದು ಲೆಕ್ಕ ಹಾಕುವುದು ಮತ್ತೆ ಬೆಲೆಯ ನೀತಿಗೆ ಮರಳಿದಂತೆ. ಆ ಜೀವವು ಕುಕ್ಕಾಟಕ್ಕೆ ಸಿಲುಕದೆ, ಕಾಲು ಕಟ್ಟಿಸಿಕೊಳ್ಳದೆ, ನೀರಡಿಸದೆ, ಕತ್ತಲೆಯ ಬೆಚ್ಚನೆಯಲ್ಲಿ ಪ್ರಾಣ ಬಿಟ್ಟಿತು. ಉಳಿದ ಏಳು ಉಳಿದವು. ಸಂತೆಗೆ ರೋಗ ಹೋಗಲಿಲ್ಲ. ಕೊಳ್ಳುವವನಿಗೆ ಸುಳ್ಳು ಸಲ್ಲಲಿಲ್ಲ. ಋಣ ತೀರಿತೆಂಬುದಕ್ಕೆ ಇಷ್ಟು ಸಾಕು. ಫಲವು ಕೈಯಲ್ಲಿಲ್ಲದಿದ್ದರೂ ನಡೆ ಕೈಯಲ್ಲಿದೆ. ಶರಣರು ಕಾಯಕದ ಬಗ್ಗೆ ತೋರಿದ ದಾರಿ ಆರೈಕೆಗೂ ಹೊಂದುತ್ತದೆ.

ಆದ್ದರಿಂದ ಸದ್ಗೃಹಸ್ಥರು ತಮ್ಮ ಊರಿನಲ್ಲಿ, ತಮ್ಮ ಓಣಿಯಲ್ಲಿ ಯಾರ ಹಿತ್ತಿಲಲ್ಲಿ ಎಷ್ಟು ಕೋಳಿಗಳಿವೆ, ಅವಕ್ಕೆ ಲಸಿಕೆ ಆಗಿದೆಯೇ ಎಂದು ಒಮ್ಮೆ ವಿಚಾರಿಸುವುದು ಲೇಸು. ಆಗಿಲ್ಲದಿದ್ದರೆ ಬೇಸಗೆ ಮುಗಿಯುವ ಮುನ್ನ ಒಂದು ದಿನವನ್ನು ಗೊತ್ತುಮಾಡಲಿ. ಮನೆಯಲ್ಲಿ ಕೋಳಿಯಿಲ್ಲದವರೇ ಇದಕ್ಕೆ ಮುಂದಾದರೆ ಸಾಕಿದವರಿಗೆ ಧೈರ್ಯವೂ ಬರುತ್ತದೆ, ಬೇನೆಯನ್ನು ಮುಚ್ಚಿಡುವ ಅಭ್ಯಾಸವೂ ಕಡಿಮೆಯಾಗುತ್ತದೆ. ದಯೆಯನ್ನು ಬಾಯಲ್ಲಿ ನುಡಿಯುವ ಅವಕಾಶಗಳು ವರ್ಷವೆಲ್ಲ ಇವೆ. ಅದನ್ನು ನಡೆಸಿ ತೋರುವ ಅವಕಾಶವು ಕೆಲವೊಮ್ಮೆ ಬೇಲಿಯ ಬುಡದಲ್ಲಿ ಮುದುಡಿ ನಿಂತಿರುತ್ತದೆ. ಅದನ್ನು ಕಾಣುವ ಕಣ್ಣನ್ನು ಶಿವನು ಸರ್ವರಿಗೂ ಕರುಣಿಸಲಿ.